ಬೆಳೆ ರೋಗ ತರುವ ಶಿಲೀಂಧ್ರಗಳಲ್ಲೂ ಗಂಡು-ಹೆಣ್ಣು ಇದೆಯೇ? ‘23 ಸಾವಿರ ಲಿಂಗ’ದ ಫಾರ್ವರ್ಡ್ ಎಷ್ಟು ನಿಜ?

“ಮನುಷ್ಯರಲ್ಲಿ ಎರಡೇ ಲಿಂಗ, ಆದರೆ ಒಂದು ಶಿಲೀಂಧ್ರದಲ್ಲಿ 23 ಸಾವಿರಕ್ಕೂ ಹೆಚ್ಚು ಲಿಂಗಗಳಿವೆ!” ಇಂಥ ಪೋಸ್ಟ್‌ಗಳು ಮೊಬೈಲಿನಿಂದ ಮೊಬೈಲಿಗೆ ಆಗಾಗ ಹರಿದಾಡುತ್ತವೆ. ಓದಿದವರು ನಕ್ಕು ಮುಂದಕ್ಕೆ ಕಳಿಸುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ತಪ್ಪು ತಿಳಿವಳಿಕೆ ಇದೆ. ನಗುವಿನ ಹಿಂದೆ ಒಂದು ಗಂಭೀರ ವಿಷಯವೂ ಅಡಗಿದೆ. ಶಿಲೀಂಧ್ರಗಳು ಹೇಗೆ ಸಂತಾನ ಬೆಳೆಸುತ್ತವೆ ಎಂಬುದು ನಮ್ಮ ಗೋಧಿ, ಆಲೂಗಡ್ಡೆ, ಟೊಮೆಟೊ, ಶೇಂಗಾ, ಅಡಿಕೆಯ ಭವಿಷ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಔಷಧಿ ಇಂದು ಯಾಕೆ ಕೆಲಸ ಮಾಡುತ್ತಿಲ್ಲ, ರೋಗ ಬಾರದ ತಳಿಗೆ ಈ ವರ್ಷ ಯಾಕೆ ರೋಗ ಬಂತು ಎಂಬ ಪ್ರಶ್ನೆಗಳಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಬೆಳೆ ರೋಗ ಹೊಲದಿಂದ ಹೊಲಕ್ಕೆ ಹರಡುವುದು ಹೆಚ್ಚಾಗಿ ನಕಲು ಮಾಡುವ ಮೂಲಕ, ಅಂದರೆ ಲೈಂಗಿಕ ಕ್ರಿಯೆ ಇಲ್ಲದೆ. ಅದು ಹೊಸ ಹೊಸ ರೂಪ ಪಡೆಯಲು ಒಂದು ಮುಖ್ಯ ದಾರಿ ಲೈಂಗಿಕ ಸಂತಾನೋತ್ಪತ್ತಿ. ಇನ್ನು ವಿವರವಾಗಿ ನೋಡೋಣ.

ಬೀಜಾಣು ಎಂದರೇನು?

ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದ ಅಣಬೆ, ಬೇಕರಿಯವರು ಬನ್ನಿಗೆ ಬಳಸುವ ಯೀಸ್ಟ್ ಇವೆಲ್ಲ ಶಿಲೀಂಧ್ರಗಳೇ. ಅವು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಬೆಳೆಗೆ ರೋಗ ತರುವ ಹೆಚ್ಚಿನ ಶಿಲೀಂಧ್ರಗಳ ದೇಹ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳ ಜಾಲ. ಈ ಎಳೆಗಳು ಎಲೆಯೊಳಗೆ ಇಳಿದು ಅಲ್ಲಿನ ಆಹಾರ ಹೀರುತ್ತವೆ. ಹೊಟ್ಟೆ ತುಂಬಿದ ಮೇಲೆ ಧೂಳಿನಂಥ ಕಣಗಳನ್ನು ಹೊರಬಿಡುತ್ತವೆ. ಇವೇ ಬೀಜಾಣುಗಳು, ಅಂದರೆ ಸ್ಪೋರ್‌ಗಳು. ಬೀಜಾಣುಗಳು ಗಾಳಿ, ಮಳೆಹನಿ, ಮಣ್ಣು, ಬಿತ್ತನೆ ಬೀಜ, ನಮ್ಮ ಬಟ್ಟೆ ಮತ್ತು ಚಪ್ಪಲಿ ಹೀಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಪ್ರಯಾಣ ಮಾಡುತ್ತವೆ.

ಬೀಜಾಣು ತಯಾರಾಗುವ ದಾರಿ ಎರಡು. ರೈತರಿಗೆ ಇದನ್ನು ವಿವರಿಸುವುದು ಸುಲಭ. ಬಾಳೆಯ ಕಂದು ನೆಟ್ಟರೆ ತಾಯಿಯಂಥದೇ ಗಿಡ ಬರುತ್ತದೆ. ಏಲಕ್ಕಿ ಬಾಳೆಯ ಕಂದಿನಿಂದ ಪಚ್ಚಬಾಳೆ ಬರುವುದಿಲ್ಲ. ಇದು ನಕಲು, ಅಲೈಂಗಿಕ ದಾರಿ. ಮಾವಿನ ವಾಟೆ ನೆಟ್ಟರೆ ಹಾಗಲ್ಲ. ತಾಯಿ ಮರ ರಸಪೂರಿಯೇ ಆಗಿದ್ದರೂ ಮಗಳು ಹುಳಿಯಾಗಬಹುದು, ನಾರಾಗಬಹುದು, ಒಮ್ಮೊಮ್ಮೆ ತಾಯಿಗಿಂತ ಚೆನ್ನಾಗಿಯೂ ಇರಬಹುದು. ಯಾಕೆಂದರೆ ಅಲ್ಲಿ ಎರಡು ಮರಗಳ ಗುಣ ಬೆರೆತಿರುತ್ತವೆ. ಇದು ಲೈಂಗಿಕ ದಾರಿ.

ಬೆಳೆ ರೋಗದ ಅನೇಕ ಶಿಲೀಂಧ್ರಗಳಿಗೆ ಈ ಎರಡೂ ದಾರಿ ಗೊತ್ತು. ಬೆಳೆ ಹಸಿರಾಗಿದ್ದು ತೇವ ಇರುವಾಗ ಅವು ನಕಲು ಮಾಡುತ್ತವೆ. ಒಂದು ಎಲೆಯ ಒಂದು ಕಲೆಯಲ್ಲೇ ಸಾವಿರಾರು ಬೀಜಾಣು ಹುಟ್ಟುತ್ತವೆ. ಬೆಳೆ ಮಾಗಿ ಆಹಾರ ಮುಗಿದು ಚಳಿಯೋ ಒಣ ಹವೆಯೋ ಬಂದಾಗ ಅನೇಕ ಜಾತಿಗಳು ಲೈಂಗಿಕ ದಾರಿ ಹಿಡಿಯುತ್ತವೆ. ಹೀಗೆ ಹುಟ್ಟಿದ ಬೀಜಾಣುಗಳಲ್ಲಿ ಕೆಲವಕ್ಕೆ ದಪ್ಪ ಗೋಡೆ ಇರುತ್ತದೆ. ಕಷ್ಟದ ಕಾಲವನ್ನು ಕಳೆಯಲು ಅದು ಅವುಗಳಿಗೆ ಕಂಬಳಿ ಇದ್ದಂತೆ.

‘23 ಸಾವಿರ ಲಿಂಗ’ ಎಂದರೆ ಏನು?

ಈ ಸಂಖ್ಯೆ ಬಂದದ್ದು ಸ್ಕಿಜೋಫಿಲಮ್ ಕಮ್ಯೂನ್ ಎಂಬ ಪುಟ್ಟ ಅಣಬೆಯಿಂದ. ಸತ್ತ ಮರದ ಕೊಂಬೆಗಳ ಮೇಲೆ ಬೀಸಣಿಗೆಯಂತೆ ಬೆಳೆಯುವ ಇದು ಜಗತ್ತಿನ ಬಹುತೇಕ ಕಡೆ ಸಿಗುತ್ತದೆ. ಇದರಲ್ಲಿ 23 ಸಾವಿರಕ್ಕೂ ಹೆಚ್ಚು ‘ಕೂಡಿಕೆ ಗುಂಪು’ಗಳು ಸಾಧ್ಯ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆದರೆ ಇವನ್ನು ಲಿಂಗ ಎನ್ನುವುದು ತಪ್ಪು. ಇಲ್ಲಿ ಗಂಡು, ಹೆಣ್ಣು ಎಂಬ ಬೇರೆ ಬೇರೆ ದೇಹಗಳಿಲ್ಲ.

ನಮ್ಮಲ್ಲಿ ಒಂದೇ ಬೆಡಗು ಅಥವಾ ಒಂದೇ ಗೋತ್ರದವರ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ ಎಂಬ ರೂಢಿ ಹಲವು ಸಮುದಾಯಗಳಲ್ಲಿದೆ. ಕೂಡಿಕೆ ಗುಂಪಿನ ಕೆಲಸವೂ ಹೆಚ್ಚುಕಡಿಮೆ ಅದೇ. ಎರಡು ಶಿಲೀಂಧ್ರಗಳು ಎದುರಾದಾಗ ಕೆಲವು ಜೀನ್‌ಗಳು “ನೀನು ನನ್ನ ಗುಂಪಿನವನಾ, ಬೇರೆಯವನಾ” ಎಂದು ತಪಾಸಣೆ ಮಾಡುತ್ತವೆ. ಬೇರೆ ಗುಂಪಾದರೆ ಮಾತ್ರ ಕೂಡಿಕೆ. ಗುಂಪುಗಳ ಸಂಖ್ಯೆ ಹೆಚ್ಚಿದಷ್ಟೂ ಸಂಗಾತಿ ಸಿಗುವುದು ಸುಲಭ.

ಬೆಳೆ ರೋಗ ತರುವ ಶಿಲೀಂಧ್ರಗಳಲ್ಲಿ ಅನೇಕಕ್ಕೆ ಇಂಥ ಗುಂಪುಗಳು ಎರಡೇ. ಭತ್ತ ಮತ್ತು ರಾಗಿಗೆ ಬೆಂಕಿ ರೋಗ ತರುವ ಶಿಲೀಂಧ್ರದಲ್ಲಿ ಎರಡು ಗುಂಪುಗಳಿವೆ. ಭತ್ತ ಬೆಳೆಯುವ ಬಹುಪಾಲು ಪ್ರದೇಶಗಳಲ್ಲಿ ಅದು ಕೂಡಿಕೆಯೇ ಇಲ್ಲದೆ ನಕಲಿನಿಂದಲೇ ಹರಡುತ್ತದೆ. ಗೋಧಿಯ ತೆನೆಗೆ ರೋಗ ತರುವ ಫ್ಯುಸೇರಿಯಂ ಗ್ರಾಮಿನೇರಮ್‌ನಂಥ ಕೆಲವಕ್ಕೆ ಸಂಗಾತಿಯೇ ಬೇಕಿಲ್ಲ. ಅವು ತಮ್ಮೊಂದಿಗೆ ತಾವೇ ಕೂಡಿ ಲೈಂಗಿಕ ಬೀಜಾಣು ಮಾಡಿಕೊಳ್ಳಬಲ್ಲವು.

ಗೋಧಿಯ ತುಕ್ಕು: ಸಂಸಾರಕ್ಕೆ ಎರಡು ಮನೆ

ಗೋಧಿಯ ಕಾಂಡ ತುಕ್ಕು ರೋಗ ಈ ಕಥೆಯ ಪ್ರಸಿದ್ಧ ಉದಾಹರಣೆ. ಕಾಂಡದ ಮೇಲೆ ಇಟ್ಟಿಗೆ ಬಣ್ಣದ ಪುಡಿ ಎದ್ದು, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕಾಣುತ್ತದೆ. ಈ ಪುಡಿ ಎಂದರೆ ನಕಲು ಬೀಜಾಣುಗಳು. ಗೋಧಿಯಿಂದ ಗೋಧಿಗೆ ಹಾರಿ ಒಂದೇ ಹಂಗಾಮಿನಲ್ಲಿ ಹಲವು ಸುತ್ತು ಹರಡುತ್ತವೆ. ಗೋಧಿ ಮಾಗುವ ಹೊತ್ತಿಗೆ ಕೆಂಪು ಪುಡಿಯ ಜಾಗದಲ್ಲಿ ಕಪ್ಪು ಬೀಜಾಣುಗಳು ಬರುತ್ತವೆ. ತಂಪು ದೇಶಗಳಲ್ಲಿ ಇವು ಹುಲ್ಲಿನ ಮೇಲೆ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಇವುಗಳಿಂದ ಹುಟ್ಟುವ ಪುಟ್ಟ ಬೀಜಾಣುಗಳಿಗೆ ಗೋಧಿಯನ್ನು ಸೇರಲು ಆಗುವುದಿಲ್ಲ. ಅವಕ್ಕೆ ಬೇರೆಯೇ ಗಿಡ ಬೇಕು. ಅದು ಬಾರ್ಬೆರಿ ಎಂಬ ಮುಳ್ಳಿನ ಪೊದೆ. ಆಯುರ್ವೇದದಲ್ಲಿ ದಾರುಹರಿದ್ರ ಎನ್ನುವ ಗಿಡವೂ ಇದೇ ಬಳಗದ್ದು.

ಲೈಂಗಿಕ ಕೂಡಿಕೆ ನಡೆಯುವುದು ಬಾರ್ಬೆರಿಯ ಎಲೆಯ ಮೇಲೆ. ಅಲ್ಲಿ ಶಿಲೀಂಧ್ರ ಸಣ್ಣ ಸಣ್ಣ ಗುಳ್ಳೆ ಮಾಡಿ, ಅದರಿಂದ ಸಿಹಿಯಾದ ರಸ ಒಸರಿಸುತ್ತದೆ. ರಸಕ್ಕೆ ನೊಣಗಳು ಬರುತ್ತವೆ. ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಗುಂಪಿನ ಕಣಗಳನ್ನು ಇನ್ನೊಂದು ಗುಂಪಿಗೆ ಮುಟ್ಟಿಸುತ್ತವೆ. ಹೂವಿಗೆ ದುಂಬಿ ಮಾಡುವ ಕೆಲಸವನ್ನು ಇಲ್ಲಿ ನೊಣ ಮಾಡುತ್ತದೆ. ಕೆನಡಾದ ವಿಜ್ಞಾನಿ ಜೆ.ಎಚ್. ಕ್ರೇಗಿ ಇದನ್ನು 1927ರಲ್ಲಿ ಪ್ರಯೋಗದಿಂದ ತೋರಿಸಿದರು. ಅದುವರೆಗೂ ಆ ಗುಳ್ಳೆಗಳ ಕೆಲಸ ಏನೆಂದು ತಿಳಿದಿರಲಿಲ್ಲ.

ಬಾರ್ಬೆರಿ ಪೊದೆಯ ಪಕ್ಕದ ಗೋಧಿಗೆ ತುಕ್ಕು ಹೆಚ್ಚು ಎಂಬುದು ಯುರೋಪಿನ ರೈತರಿಗೆ ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಫ್ರಾನ್ಸಿನ ರೂವಾನ್‌ನಲ್ಲಿ 1660ರಲ್ಲೇ ಬಾರ್ಬೆರಿ ಕೀಳಿಸುವ ಕಾನೂನು ಬಂತು ಎಂದು ಹೇಳಲಾಗುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1726ರಲ್ಲಿ ಇಂಥ ಕಾನೂನು ಬಂತು. ಅನೇಕ ಪಂಡಿತರು ಇದನ್ನು ಮೂಢನಂಬಿಕೆ ಎಂದುಕೊಂಡಿದ್ದರು. 1865ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ರೈತರ ಮಾತೇ ನಿಜ ಎಂದು ತೋರಿಸಿದರು. ರೈತರ ಅನುಭವವನ್ನು ಪರೀಕ್ಷಿಸದೆ ತಳ್ಳಿಹಾಕಬಾರದು ಎಂಬುದಕ್ಕೂ ಇದು ಒಳ್ಳೆಯ ಉದಾಹರಣೆ.

ಅಮೆರಿಕ 1918ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಾರ್ಬೆರಿ ನಿರ್ಮೂಲನೆ ಶುರು ಮಾಡಿತು. ಶಾಲಾ ಮಕ್ಕಳೂ ಪೊದೆ ಹುಡುಕುವ ಕೆಲಸಕ್ಕೆ ಇಳಿದರು. ದಶಕಗಳ ಕಾಲ ಕೋಟ್ಯಂತರ ಪೊದೆಗಳನ್ನು ಕಿತ್ತರು. ಇದರಿಂದ ಎರಡು ಲಾಭವಾಯಿತು. ವಸಂತದ ಆರಂಭದಲ್ಲೇ ರೋಗ ಶುರುವಾಗುವುದು ತಪ್ಪಿತು. ಕೂಡಿಕೆಯ ಮನೆಯೇ ಹೋದದ್ದರಿಂದ ಹೊಸ ಹೊಸ ತುಕ್ಕು ತಳಿಗಳು ಹುಟ್ಟುವ ವೇಗವೂ ತಗ್ಗಿತು.

ಹಾಗಾದರೆ ನಮ್ಮಲ್ಲೂ ಬಾರ್ಬೆರಿ ಕೀಳಬೇಕೇ?

ಬೇಡ. ಒಂದು ದೇಶದ ಸತ್ಯವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಫಾರ್ವರ್ಡ್ ಮಾಡಿದರೆ ಎಡವಟ್ಟಾಗುತ್ತದೆ. ಬಾರ್ಬೆರಿ ಜಾತಿಗಳು ಹಿಮಾಲಯದಲ್ಲೂ ಇವೆ, ನೀಲಗಿರಿಯಲ್ಲೂ ಇವೆ. ಆದರೆ ಆಗ್ರಾ ಕಾಲೇಜಿನ ಕೆ.ಸಿ. ಮೆಹ್ತಾ 1920ರ ದಶಕದಿಂದ ವರ್ಷಗಟ್ಟಲೆ ಅಧ್ಯಯನ ಮಾಡಿ, ಭಾರತದಲ್ಲಿ ಗೋಧಿ ತುಕ್ಕು ಪ್ರತಿವರ್ಷ ಮರಳುವುದಕ್ಕೆ ಬಾರ್ಬೆರಿ ಕಾರಣವಲ್ಲ ಎಂದು ತೋರಿಸಿದರು. ಬಯಲು ಸೀಮೆಯ ಬೇಸಿಗೆಯ ಬಿಸಿಲಿಗೆ ತುಕ್ಕಿನ ಬೀಜಾಣು ಬದುಕುವುದಿಲ್ಲ. ಬೆಟ್ಟಗಳ ತಂಪಿನಲ್ಲಿ ಬೇಸಿಗೆಯಲ್ಲೂ ಇರುವ ಗೋಧಿ ಗಿಡಗಳ ಮೇಲೆ ಅದು ಉಳಿಯುತ್ತದೆ. ಕಾಂಡ ತುಕ್ಕಿನ ಮಟ್ಟಿಗೆ ನೀಲಗಿರಿ ಮತ್ತು ಪಳನಿ ಬೆಟ್ಟಗಳು ಅದರ ತವರು. ಅಲ್ಲಿಂದ ಗಾಳಿ ಮಳೆಯ ಜೊತೆ ಕರ್ನಾಟಕ, ಮಹಾರಾಷ್ಟ್ರ, ಮಧ್ಯ ಭಾರತದ ಕಡೆಗೆ ಸಾಗುತ್ತದೆ. ಅಂದರೆ ಧಾರವಾಡ, ವಿಜಯಪುರದ ಗೋಧಿಗೆ ಬರುವ ಕಾಂಡ ತುಕ್ಕು ನಕಲು ಬೀಜಾಣುಗಳ ಸಂತತಿ. ನೀಲಗಿರಿಯ ವೆಲಿಂಗ್ಟನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ತುಕ್ಕು ನಿರೋಧಕ ಗೋಧಿ ತಳಿಗಳ ಕೆಲಸ ಅಲ್ಲಿ ನಡೆಯುತ್ತದೆ.

ಹಾಗೆಂದು ಕೂಡಿಕೆ ಇಲ್ಲದಿದ್ದರೆ ಅಪಾಯವೇ ಇಲ್ಲ ಎನ್ನುವಂತಿಲ್ಲ. 1998ರಲ್ಲಿ ಉಗಾಂಡದಲ್ಲಿ ಕಂಡ ‘ಯುಜಿ 99’ ಎಂಬ ತುಕ್ಕು ತಳಿ, ಜಗತ್ತಿನ ಅನೇಕ ಗೋಧಿ ತಳಿಗಳಲ್ಲಿದ್ದ ಒಂದು ಮುಖ್ಯ ನಿರೋಧಕ ಜೀನನ್ನು ಸೋಲಿಸಿತು. ಇದರ ಜೀನ್‌ಗಳನ್ನು ಓದಿದ ವಿಜ್ಞಾನಿಗಳು 2019ರಲ್ಲಿ ಒಂದು ಅಚ್ಚರಿ ಪ್ರಕಟಿಸಿದರು. ಎರಡು ತುಕ್ಕು ತಳಿಗಳ ಎಳೆಗಳು ಬೆಸೆದು, ಲೈಂಗಿಕ ಕ್ರಿಯೆ ಇಲ್ಲದೆಯೇ ಒಂದರ ಇಡೀ ಕೋಶಕೇಂದ್ರ ಇನ್ನೊಂದಕ್ಕೆ ಸೇರಿ ಯುಜಿ 99 ಹುಟ್ಟಿತ್ತು. ಹೊಸತನಕ್ಕೆ ಲೈಂಗಿಕ ದಾರಿ ಮುಖ್ಯ, ಆದರೆ ಅದೊಂದೇ ದಾರಿ ಅಲ್ಲ.

ಆಲೂಗಡ್ಡೆಯ ಅಂಗಮಾರಿ: ಸಂಗಾತಿ ತಡವಾಗಿ ಬಂದಾಗ

ಆಲೂಗಡ್ಡೆ ಮತ್ತು ಟೊಮೆಟೊಗೆ ಅಂಗಮಾರಿ ತರುವ ಫೈಟೋಫ್ಥೋರಾ ಇನ್‌ಫೆಸ್ಟನ್ಸ್ ನಿಜವಾದ ಶಿಲೀಂಧ್ರವಲ್ಲ. ನೋಡಲು ಹಾಗೆಯೇ ಇದ್ದರೂ ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ. ರೈತರ ಮಟ್ಟಿಗೆ ಅದನ್ನೂ ಶಿಲೀಂಧ್ರ ರೋಗ ಎಂದೇ ಹೇಳುತ್ತೇವೆ. ಆದರೆ ಈ ವ್ಯತ್ಯಾಸದ ಕಾರಣಕ್ಕೇ ಶಿಲೀಂಧ್ರಕ್ಕೆ ಹೊಡೆಯುವ ಕೆಲವು ಔಷಧಿಗಳು ಇದಕ್ಕೆ ತಟ್ಟುವುದಿಲ್ಲ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿದ್ದು ಇದೇ. ನಂತರದ ವರ್ಷಗಳ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅದಕ್ಕೆ ಬ್ರಿಟಿಷ್ ಆಡಳಿತದ ನೀತಿಯೂ ಕಾರಣ, ಬಡವರು ಒಂದೇ ಬೆಳೆಯನ್ನು ನಂಬಿದ್ದೂ ಕಾರಣ. ಅಷ್ಟು ಹಾನಿ ಮಾಡಿದ್ದು ಲೈಂಗಿಕ ಕೂಡಿಕೆಯೇ ಇಲ್ಲದೆ ಹರಡಿದ ಒಂದೇ ವಂಶದ ರೋಗಾಣು. ಹರಡಲು ನಕಲು ಸಾಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದರಲ್ಲಿ ಕೂಡಿಕೆ ಗುಂಪು ಎರಡು: ಎ1 ಮತ್ತು ಎ2. ಮೆಕ್ಸಿಕೊದ ತೊಲುಕಾ ಕಣಿವೆಯಂಥ ಕಡೆ ಎರಡೂ ಒಟ್ಟಿಗಿದ್ದವು. 1950ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿ ಎ2 ಗುರುತಿಸಿದರು. ಮೆಕ್ಸಿಕೊ ಬಿಟ್ಟರೆ ಜಗತ್ತಿನ ಉಳಿದ ಕಡೆ ದಶಕಗಳ ಕಾಲ ಎ1 ಮಾತ್ರ ಕಾಣಿಸುತ್ತಿತ್ತು. ಸಂಗಾತಿ ಇಲ್ಲದ್ದರಿಂದ ನಕಲು ಮಾತ್ರ. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಎ2 ವರದಿಯಾಯಿತು. ಆಮೇಲೆ ಯುರೋಪಿನ ಬೇರೆ ದೇಶಗಳಲ್ಲೂ ಸಿಕ್ಕಿತು. 1990ರ ದಶಕದ ಹೊತ್ತಿಗೆ ಭಾರತದ ಉತ್ತರದ ಬೆಟ್ಟಗಳಲ್ಲೂ ಕಂಡಿತು.

ಎ1, ಎ2 ಕೂಡಿದರೆ ಏನಾಗುತ್ತದೆ? ಊಸ್ಪೋರ್ ಎಂಬ ದಪ್ಪ ಗೋಡೆಯ ಬೀಜಾಣು ಹುಟ್ಟುತ್ತದೆ. ನಕಲು ಬೀಜಾಣು ಜೀವಂತ ಗಿಡ ಅಥವಾ ಗಡ್ಡೆ ಇಲ್ಲದೆ ಹೆಚ್ಚು ಕಾಲ ಬದುಕದು. ಊಸ್ಪೋರ್ ಬೆಳೆ ಇಲ್ಲದೆಯೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಜೊತೆಗೆ ಅದರಿಂದ ಹುಟ್ಟುವ ಪ್ರತಿಯೊಂದೂ ಹೊಸ ಮಿಶ್ರಣ. ಒಂದಕ್ಕೆ ಔಷಧಿ ತಡೆಯುವ ಶಕ್ತಿ, ಇನ್ನೊಂದಕ್ಕೆ ನಿರೋಧಕ ತಳಿಯನ್ನು ಸೋಲಿಸುವ ಶಕ್ತಿ ಇದ್ದರೆ, ಎರಡೂ ಒಂದೇ ಸಂತಾನದಲ್ಲಿ ಸೇರಬಹುದು.

ಕರ್ನಾಟಕಕ್ಕೆ ಬಂದ ‘ಬ್ಲೂ 13’

2000ದ ದಶಕದ ಮಧ್ಯದಲ್ಲಿ ಯುರೋಪಿನಲ್ಲಿ ಎ2 ಗುಂಪಿನ ಒಂದು ಉಗ್ರ ವಂಶ ಕಾಣಿಸಿಕೊಂಡಿತು. ಅದನ್ನು ‘ಬ್ಲೂ 13’ ಎಂದು ಕರೆಯುತ್ತಾರೆ. ಮೆಟಲಾಕ್ಸಿಲ್ ಎಂಬ ಜನಪ್ರಿಯ ಔಷಧಿಗೆ ಅದು ಬಗ್ಗುವುದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದ ಟೊಮೆಟೊ ಮತ್ತು ಆಲೂಗಡ್ಡೆ ಹೊಲಗಳಿಂದ ರೋಗದ ಮಾದರಿ ತಂದು ಪರೀಕ್ಷಿಸಿದಾಗ ಇದೇ ವಂಶ ಸಿಕ್ಕಿತು. ಕರ್ನಾಟಕದ ಹೊಲಗಳೂ ಅದರಲ್ಲಿದ್ದವು. ಆ ಅಧ್ಯಯನಗಳು 2013 ಮತ್ತು 2015ರಲ್ಲಿ ಪ್ರಕಟವಾದವು.

ಇಲ್ಲೂ ಒಂದು ಸೂಕ್ಷ್ಮ ಗಮನಿಸಿ. ಎ2 ಬಂತು ಎಂದ ತಕ್ಷಣ ಕೂಡಿಕೆ ನಡೆಯುತ್ತಿದೆ ಎಂದಲ್ಲ. ಬ್ಲೂ 13 ಹರಡಿದ್ದು ಮುಖ್ಯವಾಗಿ ನಕಲಿನಿಂದ. ಎ1 ಮತ್ತು ಎ2 ಒಂದೇ ಹೊಲದಲ್ಲಿ, ಒಂದೇ ಎಲೆಯಲ್ಲಿ ಭೇಟಿಯಾದರೆ ಮಾತ್ರ ಮುಂದಿನ ಅಪಾಯ. ಆ ಭೇಟಿ ತಪ್ಪಿಸುವುದರಲ್ಲಿ ಬಿತ್ತನೆ ಗಡ್ಡೆಯ ಪಾತ್ರ ದೊಡ್ಡದು. ಹಾಸನದ ಕಡೆಯ ರೈತರು ಬಿತ್ತನೆ ಗಡ್ಡೆಯನ್ನು ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ತರಿಸುತ್ತಾರೆ. ಲಾರಿಯಲ್ಲಿ ಗಡ್ಡೆಯ ಜೊತೆ ರೋಗವೂ ಬಂದರೆ ದೂರದ ಊರಿನ ಎರಡು ಗುಂಪುಗಳಿಗೆ ನಾವೇ ಮುಹೂರ್ತ ಇಟ್ಟಂತೆ.

ಅಡಿಕೆಯ ಕೊಳೆರೋಗವೂ ಫೈಟೋಫ್ಥೋರಾ ಬಳಗದ್ದೇ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಇಂಗ್ಲಿಷ್ ಬರಹಗಳಲ್ಲೂ ಅದರ ಹೆಸರು ಇಂದಿಗೂ ನಮ್ಮ ‘ಕೊಳೆರೋಗ’ವೇ. ಮಳೆಗಾಲದಲ್ಲಿ ಅದು ಹರಡುವುದು ಬಾಲವಿರುವ, ನೀರಿನಲ್ಲಿ ಈಜುವ ನಕಲು ಬೀಜಾಣುಗಳಿಂದ. ಅದಕ್ಕೇ ಮಳೆ ಬಿಡದೆ ಸುರಿದ ವರ್ಷ ಕೊಳೆ ಹೆಚ್ಚು.

ಶೇಂಗಾದ ಬೂಷ್ಟು: ‘ಬ್ರಹ್ಮಚಾರಿ’ ಅಲ್ಲ

ಶೇಂಗಾ, ಮೆಕ್ಕೆಜೋಳಗಳಲ್ಲಿ ಹಸಿರು ಬೂಷ್ಟು ಬೆಳೆಸುವ ಆಸ್ಪರ್ಜಿಲಸ್ ಫ್ಲೇವಸ್, ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಈ ವಿಷ ಲಿವರ್ ಕ್ಯಾನ್ಸರಿಗೆ ಒಂದು ಕಾರಣ. ಬಹಳ ಕಾಲ ಈ ಶಿಲೀಂಧ್ರ ನಕಲು ಮಾತ್ರ ಮಾಡುತ್ತದೆ ಎಂದು ನಂಬಿದ್ದರು. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ವಿರುದ್ಧ ಗುಂಪಿನ ತಳಿಗಳನ್ನು ಒಟ್ಟಿಗೆ ಬೆಳೆಸಿ, ಅದಕ್ಕೂ ಲೈಂಗಿಕ ಸಂತಾನ ಇದೆ ಎಂದು ತೋರಿಸಿದರು. ವಿಷ ಮಾಡದ ತಳಿಯನ್ನು ಹೊಲಕ್ಕೆ ಬಿಟ್ಟು ವಿಷದ ತಳಿಯನ್ನು ಹಿಂದೂಡುವ ಪದ್ಧತಿ ಕೆಲವು ದೇಶಗಳಲ್ಲಿದೆ. ಎರಡೂ ಕೂಡಿದರೆ ಮುಂದಿನ ಪೀಳಿಗೆ ಹೇಗಿರುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು.

ಫಾರ್ವರ್ಡ್ ಮಾಡುವ ಮುನ್ನ

“ಒಮ್ಮೆ ಈ ಔಷಧಿ ಹೊಡೆದರೆ ರೋಗ ಮತ್ತೆ ಬರುವುದಿಲ್ಲ.” ಸುಳ್ಳು. ಬೀಜಾಣು ಗಾಳಿಯಲ್ಲಿ ಮತ್ತೆ ಬರುತ್ತದೆ. ಒಂದೇ ಔಷಧಿಯನ್ನು ಪದೇ ಪದೇ ಹೊಡೆದರೆ ಅದನ್ನು ತಡೆದುಕೊಳ್ಳುವ ರೋಗಾಣು ಮಾತ್ರ ಉಳಿದು ಬೆಳೆಯುತ್ತದೆ.

“ನಿರೋಧಕ ತಳಿ ಹಾಕಿದರೆ ಚಿಂತೆಯೇ ಇಲ್ಲ.” ಪೂರ್ತಿ ನಿಜವಲ್ಲ. ರೋಗಾಣು ಬದಲಾದಂತೆ ತಳಿಯ ಶಕ್ತಿ ಕುಗ್ಗಬಹುದು.

“ಅಂಗಮಾರಿ ಬಂದ ಹೊಲದ ಟೊಮೆಟೊ ತಿಂದರೆ ರೋಗ ನಮಗೂ ಅಂಟುತ್ತದೆ.” ಸುಳ್ಳು. ಅದು ಗಿಡದ ರೋಗ, ಮನುಷ್ಯರಿಗೆ ಬರುವುದಿಲ್ಲ. ಕೊಳೆತ ಹಣ್ಣನ್ನು ಮಾತ್ರ ತಿನ್ನಬೇಡಿ.

“ಬೂಷ್ಟು ಹಿಡಿದ ಶೇಂಗಾ ಹುರಿದರೆ ಸರಿಹೋಗುತ್ತದೆ.” ಅಪಾಯಕಾರಿ ಸುಳ್ಳು. ಹುರಿದರೆ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಕಾಳನ್ನು ಎಸೆಯಿರಿ. ದನಕ್ಕೂ ಹಾಕಬೇಡಿ, ವಿಷದ ಅಂಶ ಹಾಲಿಗೆ ಬರುತ್ತದೆ.

ರೈತರು ಮಾಡಬಹುದಾದದ್ದು

ರೋಗವಿಲ್ಲದ, ನಂಬಿಕಸ್ಥ ಮೂಲದ ಬೀಜ ಮತ್ತು ಗಡ್ಡೆ ಬಳಸಿ. ಕೊಳೆತ ಗಡ್ಡೆಗಳನ್ನು ಹೊಲದ ಬದುವಿನಲ್ಲಿ ರಾಶಿ ಹಾಕಬೇಡಿ, ಆಳವಾಗಿ ಹೂಳಿ. ಉದುರಿದ ಕೊಳೆ ಅಡಿಕೆಯನ್ನು ಆರಿಸಿ ನಾಶ ಮಾಡಿ. ಒಂದೇ ಹೊಲದಲ್ಲಿ ಆಲೂಗಡ್ಡೆಯ ಹಿಂದೆಯೇ ಟೊಮೆಟೊ ಬೇಡ, ಎರಡಕ್ಕೂ ಅಂಗಮಾರಿ ಒಂದೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ರೋಗ ಬಾರದಂತೆ ಕಾಯುವ ಮದ್ದು, ಬಂದ ಮೇಲೆ ವಾಸಿ ಮಾಡುವುದಲ್ಲ. ಅದಕ್ಕೇ ಅಡಿಕೆಗೆ ಮಳೆ ಹಿಡಿಯುವ ಮುನ್ನವೇ ಹೊಡೆಯಬೇಕು. ಬೇರೆ ಔಷಧಿಯನ್ನು ಬಳಸುವಾಗ ಒಂದೇ ಗುಂಪಿನದ್ದನ್ನು ಮತ್ತೆ ಮತ್ತೆ ಹೊಡೆಯಬೇಡಿ. ಔಷಧಿ ಹಿಡಿಯುತ್ತಿಲ್ಲ ಎನಿಸಿದರೆ ಪ್ರಮಾಣ ಹೆಚ್ಚಿಸುವ ಬದಲು, ರೋಗದ ಎಲೆಯ ಜೊತೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ.

‘23 ಸಾವಿರ ಲಿಂಗ’ದ ಪೋಸ್ಟ್ ಮತ್ತೆ ಬಂದರೆ ಹೀಗೆ ಹೇಳಿ: ಅವು ಲಿಂಗಗಳಲ್ಲ, ಕೂಡಿಕೆ ಗುಂಪುಗಳು. ನಮ್ಮ ಹೊಲದ ರೋಗಗಳಲ್ಲಿ ಅವು ಬಹಳ ಸಲ ಎರಡೇ, ಮತ್ತು ಆ ಎರಡೂ ಒಂದೇ ಹೊಲದಲ್ಲಿ ಸೇರದಂತೆ ನೋಡಿಕೊಳ್ಳುವುದು ರೈತನಿಗೆ ಲಾಭ.